ಒಬ್ಬನ ಕೈಲಿ ದುಡ್ಡು, ಇನ್ನೊಬ್ಬನ ಕೈಲಿ ಲೆಕ್ಕ

‘ಈ ಎರಡು ಬಣದವರು ಒಂದೇ ಜೀಪಿನಲ್ಲಿ ಕೂತರೆ ನಾನು ಮೀಸೆ ಬೋಳಿಸ್ತೇನೆ’ ಅಂದಿದ್ದರು ನಮ್ಮ ಪಕ್ಷದ ಶಿರಸಿ ತಾಲೂಕು ಘಟಕದ ಹಿರಿಯರೊಬ್ಬರು. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಮುಗಿಯುವಾಗ ಜೀಪು ತುಂಬಿತ್ತು. ಮೀಸೆ ಮಾತ್ರ ಹಾಗೇ ಇತ್ತು.

ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ನಮ್ಮ ಕಾಯಿಲೆ ಹೊರಗೆ ಬೀಳುವುದೇ ಅಲ್ಲಿ. ವಿಧಾನಸಭೆಗಾದರೆ ಇವನೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡುವ ಬಿ ಫಾರಂ ಬಂದಮೇಲೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಇಲ್ಲಿ ಇಬ್ಬರೂ ತಮ್ಮ ತಮ್ಮವರನ್ನು ನಿಲ್ಲಿಸುತ್ತಾರೆ. 2015ರಲ್ಲಿ ಹಾಗೇ ಮಾಡಿ 11 ಸ್ಥಾನದಲ್ಲಿ 3 ಗೆದ್ದಿದ್ದೆವು.

ಮೊದಲು ರಾಜಿ ಊಟ ಹಾಕಿಸಿದೆ. ಕೊರೊನಾಕ್ಕಿಂತ ಮುಂಚೆ. 150 ಎಲೆ, ಇಪ್ಪತ್ತೆರಡು ಸಾವಿರದ ಹತ್ತಿರ, ಅದರಲ್ಲಿ ಎಂಟು ನನ್ನ ಅಡಿಕೆ ದುಡ್ಡು. ಒಂದು ಪಂಕ್ತಿಯಲ್ಲಿ ಅವರು, ಎದುರು ಪಂಕ್ತಿಯಲ್ಲಿ ಇವರು. ಬಡಿಸುವವನೂ ಬಣ ನೋಡಿ ತುಪ್ಪ ಹಾಕಿದ! ಆಮೇಲೆ ಕುಮಟಾದ ಒಬ್ಬ ಮುಖಂಡರನ್ನು ದೇವಿಮನೆ ಘಟ್ಟ ಹತ್ತಿಸಿ ಕರೆತಂದೆವು. ಇಬ್ಬರದ್ದೂ ಸರಿ ಅಂತ ಹೇಳಿ ಇಳಿದು ಹೋದರು. ಬ್ಯಾನರ್‌ನಲ್ಲಿ ಯಾರ ಫೋಟೋ ಮೇಲೆ ಅನ್ನುವ ಜಗಳಕ್ಕೆ ಬ್ಯಾನರನ್ನೇ ಎರಡು ಸಲ ಪ್ರಿಂಟ್ ಹಾಕಿಸಿದೆ.

ಆಗ ಹೊಳೆಯಿತು, ಜಗಳ ಸಿದ್ಧಾಂತದ್ದಲ್ಲ, ಡೀಸೆಲ್ಲಿನದು. ಹೋದ ಸಲ ದುಡ್ಡು ಯಾರು ತಿಂದರು ಅನ್ನುವುದೇ ಎಲ್ಲರ ಹೊಟ್ಟೆಯಲ್ಲಿತ್ತು. ಪ್ರತಿ ವಾರ್ಡಿಗೆ ಒಂದು ನೋಟ್‌ಬುಕ್ ಮಾಡಿದೆ. ದುಡ್ಡು ಒಂದು ಬಣದವನ ಕೈಲಿ, ಬರೆಯುವುದು ಇನ್ನೊಂದು ಬಣದವನು. ರಾತ್ರಿ ಎಂಟಕ್ಕೆ ನನ್ನ ಜಗಲಿಯಲ್ಲಿ ಜೋರಾಗಿ ಓದಬೇಕು.

‘ಭಟ್ರೇ, ಅರವತ್ತು ರೂಪಾಯಿ ಚಾ ಯಾರು ಕುಡಿದಿದ್ದು?’

‘ನಿಮ್ಮವರೇ ನಾಯ್ಕರೇ, ಎರಡೆರಡು ಸಲ.’

ಇಡೀ ಜಗಲಿ ನಕ್ಕಿತು. ಆ ನಗುವಿಗೆ ಒಂದೂವರೆ ವರ್ಷ ಕಾದಿದ್ದೆ.

ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅವರ ಕೇರಿಗೆ ಇವರು, ಇವರ ಕೇರಿಗೆ ಅವರು ಮತ ಕೇಳಲು ಹೋಗಬೇಕು. ಎರಡು ವಾರ್ಡಿನಲ್ಲಿ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ ಅಡಿಕೆ ಕೊನೆಕೊಯ್ಲು ಶುರುವಾಗಿ ಮನೆಯಲ್ಲಿ ಯಾರೂ ಸಿಗಲಿಲ್ಲ. ಅಭ್ಯರ್ಥಿಗಳನ್ನು ಹೇಗೆ ಒಪ್ಪಿಸಿದೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಹೇಳುವುದಿಲ್ಲ.

ಒಟ್ಟು ಖರ್ಚು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಹೋದ ಸಲದ ಅರ್ಧವೂ ಅಲ್ಲ. ಗೆದ್ದಿದ್ದು 8.

ಪಕ್ಷದ ಭವಿಷ್ಯ ಬೆಂಗಳೂರಿನಲ್ಲಿ ತೀರ್ಮಾನ ಆಗುತ್ತದೆ ಅಂತಾರೆ. ಇರಬಹುದು. ಪಕ್ಕದ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರನ್ನು 1996ರಲ್ಲಿ ಜನತಾದಳ ಹೊರಹಾಕಿದಾಗ ನಮ್ಮ ಮನೆಯಲ್ಲೇ ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ. ಮರುವರ್ಷ ಅವರ ಹೊಸ ಪಕ್ಷ ಲೋಕಶಕ್ತಿ ಬಂತು. 1999ರಲ್ಲಿ ದಳವೂ ಒಡೆದು ಎರಡಾಯಿತು. ಆದರೆ ಅಪ್ಪ ಚಿಕ್ಕಪ್ಪ ಮಾತು ಬಿಟ್ಟಿದ್ದು ಹೆಗಡೆಯವರಿಗಾಗಿ ಅಲ್ಲ, ಒಂದು ಸಭೆಯ ಪೆಂಡಾಲಿನ ಬಾಡಿಗೆಗಾಗಿ.

ನನ್ನ ಉಪಾಯ ಪೂರ್ತಿ ಗೆದ್ದಿತು ಅಂತಲೂ ಅಲ್ಲ. ಉಪಾಧ್ಯಕ್ಷರ ಕುರ್ಚಿ ಹದಿನೈದು ಹದಿನೈದು ತಿಂಗಳು ಅಂತ ಬಾಯಿಮಾತಿನಲ್ಲಿ ಆಗಿತ್ತು. ಮೊದಲನೆಯವರು ಏಳಲೇ ಇಲ್ಲ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಸಬೇಕಿತ್ತು, ಅಲ್ವಾ?

ಈಗ ಮುಂದಿನ ಚುನಾವಣೆಗೆ ಅಂತ ಪಕ್ಕದ ಪಂಚಾಯಿತಿಯವರು ಆ ನೋಟ್‌ಬುಕ್ ಕೇಳಿದ್ದಾರೆ. ಕೊಡ್ತೇನೆ, ಕೊನೆಯ ನಾಲ್ಕು ಹಾಳೆ ಹರಿದಿಟ್ಟುಕೊಂಡು.