ಬೆಕ್ಕು ಒಳಗೋ ಹೊರಗೋ: ನಮ್ಮ ಮನೆಯಲ್ಲಿ ನಾವು ಮಾಡಿಕೊಂಡ ಏರ್ಪಾಡು

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಸುಬ್ಬಿ ಮತ್ತು ಗುಂಡ. ಸುಬ್ಬಿ ಹಗಲು ಹೊರಗೆ ತಿರುಗುತ್ತಾಳೆ, ಕತ್ತಲಾಗುವ ಮೊದಲೇ ಒಳಗೆ ಬರುತ್ತಾಳೆ. ಗುಂಡ ಹೊರಗೆ ಹೋಗುವುದೇ ಇಲ್ಲ. ಒಂದೇ ಮನೆ, ಒಂದೇ ಬೀದಿ, ಆದರೂ ಎರಡು ನಿಯಮ. ಬಂದವರೆಲ್ಲ ಇದನ್ನು ನೋಡಿ, "ಹಾಗಾದ್ರೆ ಬೆಕ್ಕನ್ನ ಒಳಗಿಡೋದು ಸರೀನಾ, ಹೊರಗೆ ಬಿಡೋದು ಸರೀನಾ?" ಎಂದು ಕೇಳುತ್ತಾರೆ. ಯಾವ ಬೆಕ್ಕು, ಯಾವ ಬೀದಿ, ಯಾವ ಹೊತ್ತಿನಲ್ಲಿ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ನಮ್ಮ ಮನೆಯ ವಿಷಯವನ್ನಷ್ಟೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಅಲ್ಲಿ ಬೆಕ್ಕು ಒಳಗೋ ಹೊರಗೋ ಎಂಬ ಪ್ರಶ್ನೆಯೇ ಇರಲಿಲ್ಲ. ಅಟ್ಟದಲ್ಲಿ ಅಡಿಕೆ, ಭತ್ತ ಇರುತ್ತಿತ್ತು. ಇಲಿ ಹಿಡಿಯಲು ಬೆಕ್ಕು ಬೇಕಿತ್ತು. ತೋಟ, ಕೊಟ್ಟಿಗೆ, ಹುಲ್ಲಿನ ಬಣವೆ, ಎಲ್ಲ ಅದರದ್ದೇ. ಒಂದೊಂದು ಬೆಕ್ಕು ಹೋದದ್ದು ಬರುತ್ತಲೇ ಇರಲಿಲ್ಲ. ಚಿರತೆ ಹಿಡೀತೋ, ಹಾವು ಕಚ್ಚಿತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೈಸೂರಿನ ಮನೆಯಲ್ಲಿ ಬೆಕ್ಕನ್ನು ಒಳಗಿಡುವ ಯೋಚನೆ ಹೇಳಿದಾಗ ಅಮ್ಮ ಫೋನಿನಲ್ಲಿ ಬೈದರು. "ಅಲ್ಲ ಕಣೇ, ಬೆಕ್ಕನ್ನ ಯಾರಾದ್ರೂ ಕೂಡಿ ಹಾಕ್ತಾರೇನೇ? ಪಾಪ ಬರುತ್ತೆ ನಿಂಗೆ." ಅಮ್ಮನ ಮಾತನ್ನು ನಾನು ತಳ್ಳಿ ಹಾಕಲಿಲ್ಲ. ಅದರಲ್ಲಿ ಒಂದು ನಿಜ ಇದೆ. ಬಿಸಿಲು, ಮರ, ಬೇಟೆ ಇಲ್ಲದ ಬೆಕ್ಕಿನ ಬದುಕು ಬಡವಾದ ಬದುಕೇ. ಹಾಗಾಗಿ ಒಳಗಿಡುವುದಾದರೆ ಅವನ್ನೂ ಒಳಗೆ ಕೊಡಬೇಕು ಎಂದು ಆಗಲೇ ಮನಸ್ಸಿಗೆ ಬಂತು.

ಆದರೆ ನಮ್ಮ ಬೀದಿ ತೀರ್ಥಹಳ್ಳಿಯ ತೋಟವಲ್ಲ. ಮುಂದೆ ಒಂದು ರಸ್ತೆ, ಹಿಂದೆ ಇನ್ನೊಂದು. ರಾತ್ರಿ ನಾಯಿಗಳು ಗುಂಪುಕಟ್ಟಿಕೊಂಡು ಬರುತ್ತವೆ. ಅಕ್ಕಪಕ್ಕದಲ್ಲಿ ಇಲಿ ಪಾಷಾಣ ಇಡುತ್ತಾರೆ. ಎದುರು ಮನೆಯವರ ಬೆಕ್ಕು ವಿಷ ತಿಂದ ಇಲಿಯನ್ನು ತಿಂದು ಸತ್ತಿತು. ಈಗ ಅಂಗಡಿಗಳಲ್ಲಿ ಸಿಗುವ ಕೇಕಿನಂಥ ಇಲಿ ಮದ್ದಿನಲ್ಲಿ ಹೆಚ್ಚಾಗಿ ಬ್ರೊಮಾಡಿಯೊಲೋನ್ ಇರುತ್ತದೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ತಕ್ಷಣ ಏನೂ ಕಾಣಿಸುವುದಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಪ್ರಾಣಿ ಮಂಕಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಒಳಗೊಳಗೇ ರಕ್ತ ಸೋರುತ್ತದೆ. ಬೇಗ ಗೊತ್ತಾದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಆದರೆ ಹೊರಗೆ ತಿರುಗುವ ಬೆಕ್ಕು ಏನು ತಿಂದಿತು ಎಂದು ನಮಗೆ ಹೇಗೆ ಗೊತ್ತಾಗಬೇಕು?

ಆಗ ಗುಂಡ ಇನ್ನೂ ಬಂದಿರಲಿಲ್ಲ. ಸುಬ್ಬಿ ಒಬ್ಬಳೇ ಇದ್ದಳು. ಹೊರಗೇ ಹುಟ್ಟಿ ಬೆಳೆದು, ದೊಡ್ಡವಳಾದ ಮೇಲೆ ನಮ್ಮ ಮನೆ ಹಿಡಿದವಳು. ತೀರ್ಮಾನ ಮಾಡುವ ಮೊದಲು, ಅವಳು ಹೊರಗೆ ಹೋಗಿ ಮಾಡುವುದಾದರೂ ಏನು ಎಂದು ನೋಡೋಣ ಅನ್ನಿಸಿತು. ಒಂದಷ್ಟು ದಿನ ಬಟ್ಟೆ ಒಣಗಿಸುವಾಗ, ಗಿಡಕ್ಕೆ ನೀರು ಹಾಕುವಾಗ, ಮಹಡಿ ಮೇಲೆ ನಿಂತು ಗಮನಿಸುತ್ತಾ ಹೋದೆ. ನಾನು ಬೇರೆ ಏನೋ ಅಂದುಕೊಂಡಿದ್ದೆ. ಹಗಲಿನ ಬಹುಪಾಲು ಹೊತ್ತು ಅವಳು ಪಕ್ಕದ ಮನೆಯ ಸಂಪಿನ ಮುಚ್ಚಳದ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುತ್ತಿದ್ದಳು. ಎದ್ದರೆ ಸೀಬೆ ಮರದ ಬುಡ ಕೆರೆಯುತ್ತಿದ್ದಳು. ಒಂದಿಷ್ಟು ಗರಿಕೆ ಕಡಿಯುತ್ತಿದ್ದಳು. ಕಾಂಪೌಂಡ್ ಗೋಡೆ ಹತ್ತಿ ಕೂತು ಬೀದಿ ನೋಡುತ್ತಿದ್ದಳು. ಅಷ್ಟೇ. ಸಂಜೆ ಬೆಳಕು ಇಳಿಯುತ್ತಿದ್ದ ಹಾಗೆ ಅವಳ ನಡೆ ಬದಲಾಗುತ್ತಿತ್ತು. ಮೈ ತಗ್ಗಿಸಿ, ಕಿವಿ ನೆಟ್ಟಗೆ ಮಾಡಿ ರಸ್ತೆ ದಾಟಿ ಖಾಲಿ ಸೈಟಿಗೆ ಹೋಗುತ್ತಿದ್ದಳು. ಬೆಕ್ಕಿನ ಬೇಟೆಯ ಹೊತ್ತು ಮುಸ್ಸಂಜೆ ಮತ್ತು ನಸುಕು. ಇಲಿಗಳು ಓಡಾಡುವುದೂ ಕತ್ತಲಲ್ಲೇ ಅಲ್ವಾ.

ಇದನ್ನು ನೋಡಿದ ಮೇಲೆ ನನ್ನ ಗೊಂದಲ ಅರ್ಧ ಕಡಿಮೆಯಾಯಿತು. ಅವಳಿಗೆ ಸುಖ ಕೊಡುವುದೆಲ್ಲ ಹಗಲು ಹೊತ್ತಿನಲ್ಲಿ, ಕಾಂಪೌಂಡಿನ ಆಸುಪಾಸಿನಲ್ಲೇ ಇತ್ತು. ಅವಳ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಾತ್ರಿ, ರಸ್ತೆಯಲ್ಲಿ ಮತ್ತು ಅದರಾಚೆ ಇತ್ತು. ಎರಡನ್ನೂ ಒಟ್ಟಿಗೇ ಕೊಡಬೇಕು ಅಥವಾ ಒಟ್ಟಿಗೇ ಕಿತ್ತುಕೊಳ್ಳಬೇಕು ಅಂತೇನಿಲ್ಲ. ರಾತ್ರಿಯನ್ನು ಮಾತ್ರ ಕಿತ್ತುಕೊಂಡರೆ ಸಾಕು ಎಂದು ಹೊರಟೆವು.

ದೊಡ್ಡ ಬೆಕ್ಕಿನ ಅಭ್ಯಾಸ ಬದಲಾಯಿಸುವುದು ಊಟದ ಹೊತ್ತಿನಿಂದ ಶುರುವಾಗಬೇಕು. ಮೊದಲು ಬಟ್ಟಲಲ್ಲಿ ಯಾವಾಗಲೂ ಊಟ ಇರುತ್ತಿತ್ತು, ಅದನ್ನು ನಿಲ್ಲಿಸಿದೆವು. ಬೆಳಿಗ್ಗೆ ಸ್ವಲ್ಪ, ಸಂಜೆ ದೀಪ ಹಚ್ಚುವ ಹೊತ್ತಿಗೆ ಜಾಸ್ತಿ. ಸಂಜೆಯದು ಅವಳಿಗೆ ತುಂಬಾ ಇಷ್ಟವಾದದ್ದೇ ಆಗಿರಬೇಕು, ಬೇಯಿಸಿದ ಮೀನು ಅಥವಾ ಉಪ್ಪು ಮಸಾಲೆ ಹಾಕದ ಕೋಳಿ. ಹಾಕುವ ಮುಂಚೆ ಸ್ಟೀಲ್ ಡಬ್ಬಿಯನ್ನು ಕುಲುಕುತ್ತೇವೆ. ಸದ್ದು ಕೇಳಿದರೆ ಎಲ್ಲಿದ್ದರೂ ಬರುತ್ತಾಳೆ. ಬಂದ ಮೇಲೆ ಬಾಗಿಲು ಹಾಕಿದರೆ ಬೆಳಿಗ್ಗೆ ಚೆನ್ನಾಗಿ ಬೆಳಕಾಗುವ ತನಕ ತೆಗೆಯುವುದಿಲ್ಲ. ಶುರುವಿನಲ್ಲಿ ರಾತ್ರಿಯೆಲ್ಲ ಬಾಗಿಲ ಹತ್ತಿರ ಕೂಗಿದಳು. ನಮ್ಮ ಮನೆಯವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಈ ಹಂತದಲ್ಲಿ ಒಂದು ಸಲ ಬಾಗಿಲು ತೆಗೆದರೂ ಕೂಗಿದರೆ ತೆಗೆಯುತ್ತಾರೆ ಎಂದು ಬೆಕ್ಕು ಕಲಿಯುತ್ತದೆ. ಮಲಗುವ ಮುಂಚೆ ಅವಳ ಜೊತೆ ಚೆನ್ನಾಗಿ ಆಟ ಆಡಿ, ಆಮೇಲೆ ಇನ್ನೊಂದು ತುತ್ತು ಹಾಕಲು ಶುರು ಮಾಡಿದ ಮೇಲೆ ಕೂಗು ಇಳಿಯಿತು. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಇದು ಬೆಕ್ಕಿನ ಮೈಯಲ್ಲೇ ಇರುವ ಕ್ರಮ. ಅದೇ ಕ್ರಮದಲ್ಲಿ ನಾವು ಹೋದರೆ ಅದು ತಾನಾಗಿ ಮಲಗುತ್ತದೆ.

ಮಣ್ಣಿನಲ್ಲಿ ಗುಂಡಿ ತೋಡಿ ಅಭ್ಯಾಸವಿದ್ದ ಸುಬ್ಬಿ ಲಿಟರ್ ಟ್ರೇಯನ್ನು, ಅಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಮನೆಯೊಳಗೆ ಇಡುವ ತಟ್ಟೆಯನ್ನು, ಮೂಸಿಯೂ ನೋಡಲಿಲ್ಲ. ಹಿತ್ತಿಲಿನ ಒಣ ಮಣ್ಣನ್ನೇ ಟ್ರೇಗೆ ತುಂಬಿದೆ. ಅದರಲ್ಲಿ ಹೋಗಲು ಶುರು ಮಾಡಿದ ಮೇಲೆ ವಾರ ವಾರಕ್ಕೂ ಮಣ್ಣು ಕಡಿಮೆ ಮಾಡಿ, ಅಂಗಡಿಯ ಬೆಂಟೊನೈಟ್ ಲಿಟರ್ (ಒದ್ದೆ ಹೀರುವ ಜೇಡಿಮಣ್ಣಿನ ಹರಳು) ಜಾಸ್ತಿ ಮಾಡುತ್ತಾ ಬಂದೆ. ಈಗ ಇಬ್ಬರಿಗೆ ಮೂರು ಟ್ರೇ ಇದೆ. ಬೆಕ್ಕುಗಳಿಗಿಂತ ಒಂದು ಟ್ರೇ ಹೆಚ್ಚಿರಬೇಕು ಎಂಬುದು ವೈದ್ಯರು ಹೇಳುವ ಲೆಕ್ಕ. ಅದು ಸರಿ ಎಂದು ನನಗೂ ಅನುಭವಕ್ಕೆ ಬಂದಿದೆ.

ನನ್ನ ತಂಗಿ ಬಸುರಿಯಾಗಿ ಮನೆಗೆ ಬಂದಾಗ ಟ್ರೇ ವಿಷಯ ದೊಡ್ಡದಾಯಿತು. ಬೆಕ್ಕನ್ನೇ ಬಿಟ್ಟುಬಿಡಿ ಎಂದರು ಕೆಲವರು. ಅವರ ಭಯ, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಬೆಕ್ಕಿಗೆ ಅದು ಬರುವುದು ಇಲಿ, ಹಕ್ಕಿ ತಿಂದು ಅಥವಾ ಹಸಿ ಮಾಂಸ ತಿಂದು. ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಲದಲ್ಲಿ ಹೊರಬರುತ್ತದೆ. ಹೊರಬಿದ್ದ ಮೇಲೂ ಇನ್ನೊಬ್ಬರಿಗೆ ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಅಂದರೆ ದಿನವೂ ಟ್ರೇ ತೆಗೆದರೆ, ಅದನ್ನು ಬಸುರಿ ಮುಟ್ಟದಿದ್ದರೆ, ಅಪಾಯ ತೀರಾ ಕಡಿಮೆ. ಬೇಟೆಯಾಡದ, ಬೇಯಿಸಿದ್ದನ್ನೇ ತಿನ್ನುವ ಒಳಮನೆಯ ಬೆಕ್ಕಿನಿಂದ ಇನ್ನೂ ಕಡಿಮೆ. ತಂಗಿ ಇದ್ದಷ್ಟು ದಿನ ಟ್ರೇ ಕೆಲಸ ನಾನೇ ಮಾಡಿದೆ. ಅವಳು ಹಿತ್ತಿಲಿನ ಮಣ್ಣಿಗೆ ಕೈ ಹಾಕದ ಹಾಗೆ, ತರಕಾರಿ ಚೆನ್ನಾಗಿ ತೊಳೆದು ತಿನ್ನುವ ಹಾಗೆ ನೋಡಿಕೊಂಡೆವು. ಬೆಕ್ಕನ್ನು ಬಿಡುವ ಅಗತ್ಯ ಬೀಳಲಿಲ್ಲ.

ಗುಂಡ ಬಂದದ್ದು ಇದೆಲ್ಲ ಒಂದು ಹದಕ್ಕೆ ಬಂದ ಮೇಲೆ. ತರಕಾರಿ ಅಂಗಡಿಯ ಮುಂದೆ ಸಿಕ್ಕ ಪುಟ್ಟ ಮರಿ. ಇವನ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೊರಗಿನ ಲೋಕವನ್ನು ಇನ್ನೂ ತನ್ನದು ಎಂದುಕೊಳ್ಳದ ಮರಿ. ಗಂಡು ಬೇರೆ. ಗಂಡು ಬೆಕ್ಕುಗಳು ದೂರ ದೂರ ತಿರುಗುತ್ತವೆ, ಜಗಳವಾಡುತ್ತವೆ. ಹೆಚ್ಚಾಗಿ ಕಚ್ಚಿದ ಗಾಯದಿಂದಲೇ, ಬೆಕ್ಕಿನ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ವೈರಸ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ಗುಂಡ ಒಳಗೇ ಎಂದು ಮೊದಲ ದಿನವೇ ತೀರ್ಮಾನವಾಯಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಕಾನೂನು ಓದಿದಾಗ ನನಗೆ ಸಮಾಧಾನವಾಯಿತು. ಅಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನೆಲ್ಲ ಮಾಲೀಕರು ತಮ್ಮ ಜಾಗದೊಳಗೇ ಇಟ್ಟುಕೊಳ್ಳಬೇಕು. ಅದಕ್ಕೆ ಮೊದಲು ಹುಟ್ಟಿದ ಬೆಕ್ಕುಗಳಿಗೆ, ಕೆಲವು ಬಡಾವಣೆಗಳನ್ನು ಬಿಟ್ಟರೆ, ಆ ಕಟ್ಟುಪಾಡಿಲ್ಲ. ಹೊರಗೆ ಬದುಕಿ ಅಭ್ಯಾಸವಾದ ಬೆಕ್ಕಿಗೊಂದು ನಿಯಮ, ಮರಿಗೆ ಇನ್ನೊಂದು. ನಾವೂ ಅದನ್ನೇ ಮಾಡಿದ್ದೆವು.

ಒಳಗಿದ್ದರೂ ಲಸಿಕೆ ತಪ್ಪಿಸಬಾರದು, ಇದನ್ನು ಒತ್ತಿ ಹೇಳುತ್ತೇನೆ. ಪ್ಯಾನ್‌ಲ್ಯೂಕೋಪೇನಿಯ ಎಂಬ ರೋಗದ ವೈರಸ್ ತುಂಬಾ ಗಟ್ಟಿ, ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುತ್ತದೆ. ನಮ್ಮ ಚಪ್ಪಲಿಯಲ್ಲೇ ಮನೆಯೊಳಗೆ ಬರಬಹುದು. ಮರಿಗಳನ್ನು ಅದು ಬೇಗ ಕೊಲ್ಲುತ್ತದೆ. ಎಂಟೊಂಬತ್ತು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಹನ್ನೆರಡು ವಾರ ದಾಟಿದ ಮೇಲೆ ರೇಬೀಸ್ ಲಸಿಕೆ. ಮುಂದಿನ ಡೋಸುಗಳನ್ನು ನಿಮ್ಮ ಡಾಕ್ಟರ್ ಹೇಳಿದಂತೆ ಹಾಕಿಸಿ. ಗುಂಡನಿಗೆ ಆರು ತಿಂಗಳ ಹೊತ್ತಿಗೆ ಮರಿಗಳಾಗದ ಹಾಗೆ ಆಪರೇಷನ್ ಮಾಡಿಸಿದೆವು, ಸುಬ್ಬಿಗೆ ಮೊದಲೇ ಆಗಿತ್ತು. ಆಪರೇಷನ್ ಆಗದ ಬೆಕ್ಕನ್ನು ಒಳಗಿಡುವುದು ಅದಕ್ಕೂ ಹಿಂಸೆ, ನಮಗೂ ಹಿಂಸೆ. ಹೊರಗೆ ಬಿಟ್ಟರೆ ಬೀದಿಗೆ ಇನ್ನಷ್ಟು ಮರಿಗಳು.

ಇನ್ನು ನಾನು ಅತಿ ಹೆಚ್ಚು ಮನಸ್ಸಿಟ್ಟು ಮಾಡಿದ ಕೆಲಸ, ಹಿತ್ತಿಲಿನ ಜಾಲರಿ ಕೋಣೆ. ಬಟ್ಟೆ ಒಗೆಯುವ ಕಲ್ಲಿನ ಜಾಗಕ್ಕೆ ವೆಲ್ಡಿಂಗ್ ಅಂಗಡಿಯವರಿಂದ ಕಬ್ಬಿಣದ ಫ್ರೇಮ್ ಮಾಡಿಸಿ, ಒಂದಿಂಚಿನ ವೆಲ್ಡೆಡ್ ಮೆಶ್ ಹಾಕಿಸಿದೆವು. ಮೇಲ್ಗಡೆಯೂ ಮೆಶ್, ಅರ್ಧಕ್ಕೆ ಶೀಟು. ಅಡುಗೆಮನೆಯ ಹಿಂಬಾಗಿಲು ನೇರ ಅದರೊಳಗೆ ತೆರೆಯುತ್ತದೆ. ಹೊರಗಿನಿಂದ ಬರಲು ಬೇರೆ ಬಾಗಿಲಿದೆ, ಒಂದನ್ನು ಹಾಕಿದ ಮೇಲೇ ಇನ್ನೊಂದನ್ನು ತೆಗೆಯುತ್ತೇವೆ. ಸುಬ್ಬಿ ಹೊರಗೆ ಏನೇನು ಮಾಡುತ್ತಿದ್ದಳು ಎಂದು ನೋಡಿದ್ದೆನಲ್ಲ, ಅದೆಲ್ಲವನ್ನೂ ಒಂದೊಂದಾಗಿ ಇಲ್ಲಿ ತಂದೆ. ಒಗೆಯುವ ಕಲ್ಲಿನ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ, ಮಲಗಲು ಅದೇ ಸಾಕು. ಕೆರೆಯಲು ಸೀಬೆ ಮರದ ದಪ್ಪ ಕೊಂಬೆಯನ್ನು ನೆಟ್ಟಗೆ ಕಟ್ಟಿದ್ದೇವೆ. ಬೆಕ್ಕು ಮೈ ಪೂರ್ತಿ ಚಾಚಿ ಕೆರೆಯಬೇಕು, ಕೊಂಬೆ ಅಷ್ಟು ಎತ್ತರ ಇರಬೇಕು, ಅಲುಗಾಡಬಾರದು. ಬೀದಿ ಕಾಣುವ ಎತ್ತರದಲ್ಲಿ ಎರಡು ಹಲಗೆ ಹೊಡೆಸಿದ್ದೇವೆ. ಕುಂಡದಲ್ಲಿ ಗರಿಕೆ ಬೆಳೆಸಿದ್ದೇನೆ. ಕುಪ್ಪಿಗಿಡ ಎಂದು ಬೇಲಿ ಬದಿಯಲ್ಲಿ ಕಳೆಯಂತೆ ಬೆಳೆಯುತ್ತದಲ್ಲ, ಅದನ್ನು ಬೇರು ಸಮೇತ ಕಿತ್ತು ತೊಳೆದು ಹಾಕಿ ನೋಡಿ. ಗುಂಡ ಆ ಬೇರನ್ನು ತಬ್ಬಿಕೊಂಡು ಹೊರಳಾಡುತ್ತಾನೆ. ಬೆಕ್ಕು ಹೀಗೇ ಮರುಳಾಗುವ, ಪೇಟೆಯಲ್ಲಿ ಮಾರುವ ಕ್ಯಾಟ್‌ನಿಪ್ ನನಗೆ ಬೇಕಾಗಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಹಿತ್ತಿಲಿಲ್ಲ, ಆದರೆ ಬಾಲ್ಕನಿ ಇರುತ್ತದೆ. ಪಾರಿವಾಳಕ್ಕೆ ಹಾಕುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಹುದು. ಸೊಳ್ಳೆ ಪರದೆ ಅದರ ಭಾರ ತಡೆಯುವುದಿಲ್ಲ. ಹಕ್ಕಿಯ ಮೇಲೆ ಕಣ್ಣಿಟ್ಟ ಬೆಕ್ಕಿಗೆ ಮಹಡಿಯ ಎತ್ತರ ನೆನಪಿರುವುದಿಲ್ಲ, ಬಿದ್ದು ದವಡೆ, ಕಾಲು ಮುರಿದುಕೊಂಡು ಆಸ್ಪತ್ರೆಗೆ ಬರುತ್ತವೆ. ಸ್ಟೀಲ್ ಮೆಶ್ ಹಾಕಿಸಿದ ಮೇಲೇ ಕಿಟಕಿ ತೆಗೆಯಿರಿ.

ಒಳಗೆ ಅಪಾಯವೇ ಇಲ್ಲ ಎಂದುಕೊಳ್ಳುವುದೂ ಸರಿಯಲ್ಲ. ನಮ್ಮ ಮನೆಗಳಲ್ಲೇ ಎಷ್ಟೊಂದಿವೆ ನೋಡಿ. ಮಲ್ಲಿಗೆ ಕಟ್ಟಿದ ದಾರವನ್ನು ಬೆಕ್ಕು ನುಂಗಿದರೆ ಅದು ಕರುಳನ್ನು ನೆರಿಗೆಗಟ್ಟಿಸಿ ಕೊಯ್ಯಬಹುದು. ದೇವರ ಮನೆಯಿಂದ ತೆಗೆದ ಹೂವನ್ನು ಈಗ ನಾನು ಮುಚ್ಚಳ ಇರುವ ಡಬ್ಬಿಗೇ ಹಾಕುತ್ತೇನೆ. ಫಿನಾಯಿಲ್ ಹಾಕಿ ಒರೆಸಿದ ನೆಲದಲ್ಲಿ ನಡೆದು ಬೆಕ್ಕು ಪಾದ ನೆಕ್ಕುತ್ತದೆ, ಫಿನಾಯಿಲಿನಲ್ಲಿರುವ ಫೀನಾಲ್ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು, ಜ್ವರ ಬಂದಿದೆ ಎಂದು ಯಾರೂ ಕೊಡಬೇಡಿ. ಲಿಲ್ಲಿ ಹೂವಿನ ಪರಾಗ ಕೂಡ ಕಿಡ್ನಿ ಹಾಳು ಮಾಡುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿ ಬೆಕ್ಕಿಗೆ ಸಲ್ಲದು.

ಒಳಗಿರುವ ಗಂಡು ಬೆಕ್ಕಿಗೆ ಇನ್ನೊಂದು ತೊಂದರೆ ಉಂಟು. ಓಡಾಟ ಕಡಿಮೆ, ಒಣ ಆಹಾರ ಜಾಸ್ತಿ, ನೀರು ಕಡಿಮೆ. ಮೂತ್ರನಾಳ ಕಟ್ಟಿಕೊಳ್ಳುತ್ತದೆ. ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿದ್ದರೆ, ಹನಿಯೂ ಬರದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಗುಂಡನಿಗೆ ನಾನು ಊಟಕ್ಕೆ ನೀರು ಬೆರೆಸಿಯೇ ಕೊಡುತ್ತೇನೆ. ಮನೆಯ ಬೇರೆ ಬೇರೆ ಮೂಲೆಯಲ್ಲಿ ಮಣ್ಣಿನ ಬಟ್ಟಲಲ್ಲಿ ನೀರು ಇಟ್ಟಿದ್ದೇನೆ.

ಆಟ ತಪ್ಪಿಸುವುದಿಲ್ಲ. ತೆಂಗಿನ ಕಡ್ಡಿಯ ತುದಿಗೆ ಬಟ್ಟೆ ಚೂರು ಕಟ್ಟಿ, ಇಲಿಯ ಹಾಗೆ ಸೋಫಾದ ಕೆಳಗೆ ನುಸುಳಿಸುತ್ತೇನೆ. ಆಟ ಮುಗಿದ ಮೇಲೆ ಅದನ್ನು ಎತ್ತಿಡಬೇಕು, ಯಾಕೆಂದರೆ ಅದೂ ನುಂಗುವ ವಸ್ತುವೇ. ಇದು ಸುಬ್ಬಿಗೂ ಬೇಕು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 25ರಷ್ಟು ಕಡಿಮೆಯಾಯಿತು. ಮಾಂಸದ ಅಂಶ ಹೆಚ್ಚಿರುವ ಊಟ ಕೊಟ್ಟಾಗ ಶೇ 36ರಷ್ಟು ಕಡಿಮೆಯಾಯಿತು. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುಬ್ಬಿಯ ಕೊರಳಲ್ಲಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಿ ಇದೆ, ಅದರಲ್ಲಿ ನಮ್ಮ ಫೋನ್ ನಂಬರ್. ಗಂಟೆ ಕಟ್ಟಿಲ್ಲ.

ಬೇಟೆಯ ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಸುಬ್ಬಿಯನ್ನು ಅಪಾಯದಿಂದ ಕಾಪಾಡುವ ಏರ್ಪಾಡು ಆಯಿತು, ಅವಳಿಂದ ಉಳಿದವರನ್ನು ಕಾಪಾಡುವುದು ಬೇಡವೇ? ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಂದಾಜು ಹೇಳುತ್ತದೆ. ಅದರಲ್ಲಿ ಹೆಚ್ಚಿನವು ಮಾಲೀಕರಿಲ್ಲದ ಬೆಕ್ಕುಗಳ ಲೆಕ್ಕ, ನಿಜ. ಆದರೂ ನಮ್ಮ ಕಾಂಪೌಂಡಿನ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟುತ್ತದೆ, ಮಡಿವಾಳ ಹಕ್ಕಿ ಬರುತ್ತದೆ, ಓತಿಕ್ಯಾತ, ಅಳಿಲು ಎಲ್ಲ ಇವೆ. ಪಿಕಳಾರ ಮೊಟ್ಟೆ ಇಟ್ಟಲ್ಲಿಂದ ಮರಿ ಗೂಡು ಬಿಡುವ ತನಕ ಹೆಚ್ಚೂಕಡಿಮೆ ಒಂದು ತಿಂಗಳು. ಗೂಡು ಬಿಟ್ಟ ಮರಿ ಇನ್ನೂ ಕೆಲವು ದಿನ ಗಿಡದ ಕೆಳಗೆ ಕುಪ್ಪಳಿಸುತ್ತಾ ಇರುತ್ತದೆ. ಬೆಕ್ಕಿಗೆ ಸಿಗುವುದು ಆಗಲೇ. ಹಾಗಾಗಿ ಬೇಸಿಗೆ ಶುರುವಾದ ಮೇಲೆ ದಾಸವಾಳದಲ್ಲಿ ಗೂಡು ಕಂಡರೆ ಸುಬ್ಬಿಯೂ ಹಗಲು ಜಾಲರಿ ಕೋಣೆಯಲ್ಲೇ ಇರುತ್ತಾಳೆ. ಮೊದಲ ವರ್ಷ ಸಿಡಿಮಿಡಿ ಮಾಡಿದಳು. ಈಗ ವಯಸ್ಸಾಗುತ್ತಿದೆ, ಒಗೆಯುವ ಕಲ್ಲಿನ ಮೇಲೆ ಗುಂಡನನ್ನು ಎಬ್ಬಿಸಿ ಜಾಗ ಹಿಡಿಯುತ್ತಾಳೆ. ಮರಿಗಳು ಹಾರಿಹೋದದ್ದು ಖಚಿತವಾದ ಮೇಲೆ ಮುಂಬಾಗಿಲು ತೆಗೆಯುತ್ತೇವೆ, ಅದೂ ಬಿಸಿಲೇರಿದ ಮೇಲೆ. ಆ ತಿಂಗಳುಗಳಲ್ಲಿ ಮನೆಕೆಲಸಕ್ಕೆ ಬರುವ ಅಕ್ಕನಿಗೂ, ಹಾಲಿನವರಿಗೂ, ಬಂದುಹೋಗುವ ನೆಂಟರಿಗೂ ಬಾಗಿಲು ಹಾಕಿಕೊಂಡು ಬನ್ನಿ ಎಂದು ಹೇಳಿಟ್ಟಿರುತ್ತೇನೆ.