ಹನೋಯ್‌ನಲ್ಲಿ ಇಳಿದ ಮೊದಲ ದಿನ ಏನು ಮಾಡಬೇಕು

ವಿಯೆಟ್ನಾಂಗೆ ಮೊದಲ ಸಲ ಹೊರಟವರು ನೋಡುವ ಜಾಗಗಳ ಪಟ್ಟಿ ಚೆನ್ನಾಗೇ ಮಾಡಿಕೊಂಡಿರುತ್ತಾರೆ. ಇಳಿದ ಮೇಲಿನ ಮೊದಲ ನಾಲ್ಕೈದು ಗಂಟೆ ಬಗ್ಗೆ ಮಾತ್ರ ಯಾರೂ ಯೋಚಿಸಿರುವುದಿಲ್ಲ. ಊರು ಹಿಡಿಸುತ್ತದೋ ಇಲ್ಲವೋ ಅನ್ನೋದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ. ದುಡ್ಡು, ರಸ್ತೆ, ಊಟ, ಈ ಮೂರರ ಗಾಬರಿ ಇಳಿದರೆ ಮಾತ್ರ ಕಣ್ಣೆತ್ತಿ ಊರು ನೋಡೋಕಾಗುತ್ತದೆ.

ಹೊರಡುವ ಮುಂಚೆ ಇ-ವೀಸಾ ಸರಿಯಾಗಿರಲಿ. ಸರ್ಕಾರದ ಸ್ವಂತ ಸೈಟ್‌ನಲ್ಲಿ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ತುಂಬಾ ಜಾಸ್ತಿ ಕೇಳಿದರೆ ನೀವು ಏಜೆಂಟರ ಸೈಟ್‌ನಲ್ಲಿದ್ದೀರಿ ಅಂತ ತಿಳಿಯಿರಿ. ನಮ್ಮ ಕಡೆ ಹೆಸರಿನದೇ ತೊಡಕು. ಇನಿಷಿಯಲ್ಲು, ಅಪ್ಪನ ಹೆಸರು, ಊರ ಹೆಸರು, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ತುಂಬಿ, ವೀಸಾ ಬಂದ ಮೇಲೆ ಅಕ್ಷರ ಅಕ್ಷರ ಹೋಲಿಸಿ ನೋಡಿ, ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ನೊಯ್ ಬಾಯ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಗಡಿಯಾರ ಒಂದೂವರೆ ಗಂಟೆ ಮುಂದೆ ಮಾಡಿ. ರೂಪಾಯಿ ನಂಬಿಕೊಂಡು ಹೋಗಬೇಡಿ, ಮಡಿಕೆ ಬೀಳದ ಡಾಲರ್ ನೋಟು ಇರಲಿ. ಅದನ್ನು ಬದಲಿಸಿ ಅಲ್ಲಿನ ದುಡ್ಡು ಡಾಂಗ್ ಕೈಗೆ ಬಂದ ತಕ್ಷಣ ಹೊರಗೆ ಓಡಬೇಡಿ, ಅಲ್ಲೇ ಕುರ್ಚಿಯಲ್ಲಿ ಕೂತು ನೋಟುಗಳನ್ನು ಹರಡಿ ನೋಡಿ. ಬಹುತೇಕ ಎಲ್ಲದರ ಮೇಲೂ ಅಲ್ಲಿನ ರಾಷ್ಟ್ರನಾಯಕ ಹೋ ಚಿ ಮಿನ್ ಮುಖ, ಎಲ್ಲದರಲ್ಲೂ ಸೊನ್ನೆಗಳ ಸಾಲು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ರಾತ್ರಿ ಟ್ಯಾಕ್ಸಿಯ ಮಂದ ಬೆಳಕಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಕಷ್ಟ ಅಲ್ವಾ? ಅದಕ್ಕೇ ದೊಡ್ಡ ನೋಟು ಒಳಜೇಬಿಗೆ, ಚಿಲ್ಲರೆ ಹೊರಜೇಬಿಗೆ. ಲೆಕ್ಕಕ್ಕೆ ಮೂರು ಸೊನ್ನೆ ಕಿತ್ತು ಮೂರರಿಂದ ಗುಣಿಸಿ, ಮೇಲೆ ಚೂರು ಸೇರಿಸಿದರೆ ರೂಪಾಯಿ ಸಿಗುತ್ತದೆ. ಅಂಗಡಿಯಲ್ಲಿ 50ಕೆ ಅಂದರೆ 50 ಸಾವಿರ, ನಮ್ಮ ನೂರೈವತ್ತು–ನೂರಎಪ್ಪತ್ತು ರೂಪಾಯಿ.

ಹಗಲಾದರೆ ಕಿತ್ತಳೆ ಬಣ್ಣದ 86ನೇ ನಂಬರ್ ಬಸ್ ಹತ್ತಿ, ಹಳೇ ಪೇಟೆ (ಓಲ್ಡ್ ಕ್ವಾರ್ಟರ್) ವರೆಗೂ ಬಿಡುತ್ತದೆ. ರಾತ್ರಿಯಾದರೆ ಗ್ರ್ಯಾಬ್ ಆ್ಯಪ್, ನಮ್ಮ ಓಲಾ, ಊಬರ್ ಥರ ಟ್ಯಾಕ್ಸಿ ಕರೆಸೋದು.

ಈಗ ರಸ್ತೆ. ಹಳೇ ಪೇಟೆಯಲ್ಲಿ ಸ್ಕೂಟರ್‌ಗಳ ಪ್ರವಾಹ ನಿಲ್ಲೋದೇ ಇಲ್ಲ, ನಿಲ್ಲಲಿ ಅಂತ ಕಾಯ್ತಾ ಕೂತರೆ ಸಂಜೆಯಾಗುತ್ತದೆ. ಅಲ್ಲಿ ಗಾಡಿ ಓಡೋದು ಬಲಗಡೆ, ಆದ್ದರಿಂದ ಮೊದಲು ಎಡಕ್ಕೆ ನೋಡಿ. ಸಣ್ಣ ಸಂದು ಸಿಕ್ಕಿದಾಗ ಕಾಲಿಡಿ, ಒಂದೇ ವೇಗದಲ್ಲಿ ನಿಧಾನಕ್ಕೆ ನಡೀತಾ ಹೋಗಿ. ಓಡಬಾರದು, ಥಟ್ಟನೆ ನಿಲ್ಲಬಾರದು, ಹಿಂದಕ್ಕಂತೂ ಕಾಲಿಡಲೇಬಾರದು, ಯಾಕಂದ್ರೆ ಸವಾರರು ನಿಮ್ಮ ಮುಂದಿನ ಹೆಜ್ಜೆ ಲೆಕ್ಕ ಹಾಕಿಯೇ ನಿಮ್ಮ ಹಿಂದಿನಿಂದಲೋ ಮುಂದಿನಿಂದಲೋ ಬಳಸಿಕೊಂಡು ಹೋಗೋದು. ಕಾರು, ಬಸ್ಸಿಗೆ ಮಾತ್ರ ದಾರಿ ಬಿಡಿ, ಅವು ಹಾಗೆ ಬಳಸಿಕೊಂಡು ಹೋಗಲ್ಲ. ಮೊದಲ ಸಲ ಭಯವಾದರೆ ದಾಟುತ್ತಿರುವ ಯಾರಾದರೂ ಅಜ್ಜಿಯ ಪಕ್ಕ ಸೇರಿಕೊಳ್ಳಿ.

ಸಸ್ಯಾಹಾರಿಗಳು ಜಾಸ್ತಿ ಎಚ್ಚರ ವಹಿಸಬೇಕು. ತರಕಾರಿ ಪಲ್ಯದಂತೆ ಕಾಣೋದರಲ್ಲೂ ಮೀನಿನ ಸಾಸ್ ಇರಬಹುದು. 'ಚಾಯ್' (Chay) ಅಂತ ಬೋರ್ಡ್ ಇರುವ ಹೋಟೆಲು ಹುಡುಕಿ, ಅದು ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ, ಅಲ್ಲಿ ಮಾಂಸ ಮೀನು ಇರೋದಿಲ್ಲ. ಬೌದ್ಧರು ಚಾಂದ್ರಮಾನದ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಇದನ್ನೇ ಉಣ್ಣುತ್ತಾರೆ, ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ ಹುಣ್ಣಿಮೆ. ಕುಡಿಯಲು ಬಾಟಲಿ ನೀರೇ ಇರಲಿ. ಕಾಫಿ ಬಿಡಬೇಡಿ. ಲೋಟದ ಮೇಲೆ ಪುಟ್ಟ ಲೋಹದ ಫಿಲ್ಟರ್ ಕೂರಿಸಿಯೇ ತಂದಿಡುತ್ತಾರೆ, ಕೆಳಗಿನ ಗಟ್ಟಿ ಸಿಹಿ ಹಾಲಿನ ಮೇಲೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಬೀಳುತ್ತದೆ. ಪೂರ್ತಿ ಇಳಿದ ಮೇಲೆ ಕಲಕಿ ಕುಡಿಯಿರಿ. ಮೊಟ್ಟೆ ತಿನ್ನದವರು ಅಲ್ಲಿನ ಹೆಸರಾಂತ ಮೊಟ್ಟೆ ಕಾಫಿ ಮಾತ್ರ ಬಿಟ್ಟುಬಿಡಿ.

ಇಷ್ಟಾದ ಮೇಲೆ ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ, ಸುಮ್ನೆ ಹ್ವಾನ್ ಕಿಯೆಮ್ ಕೆರೆ ಸುತ್ತ ಒಂದು ಸುತ್ತು ಹಾಕಿ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಆ ಸುತ್ತಿನ ರಸ್ತೆಗಳಿಗೆ ಗಾಡಿ ಬಿಡುವುದಿಲ್ಲ, ಮಕ್ಕಳು ನಡುರಸ್ತೆಯಲ್ಲೇ ಆಡುತ್ತಿರುತ್ತಾರೆ. ಹೋ ಚಿ ಮಿನ್ ಸಮಾಧಿ ಭವನ ಹೇಗಿದ್ದರೂ ಬೆಳಿಗ್ಗೆ ಹೊತ್ತು ಮಾತ್ರ ತೆರೆದಿರೋದು, ಸೋಮವಾರ, ಶುಕ್ರವಾರ ರಜಾ. ಅದನ್ನು ಮಾರನೇ ದಿನಕ್ಕಿಟ್ಟುಕೊಳ್ಳಿ.