ಕೇಜ್ ಮುಟ್ಟುವ ಮೊದಲು ನೋಡುವುದು

ಫಾರ್ಮಸಿ ಕಾಲೇಜೊಂದರ ಅನಿಮಲ್ ಹೌಸ್‌ನಲ್ಲಿ, ಅಂದರೆ ಪ್ರಯೋಗದ ಪ್ರಾಣಿಗಳನ್ನು ಇಡುವ ಕಡೆ, ಇಲಿ, ಸುಂಡಿಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಳಗ್ಗೆ ಒಳಗೆ ಹೋದ ಕೂಡಲೇ ಕೇಜ್ ಎಳೆಯುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡುತ್ತೇನೆ. ಇಲಿ ತನ್ನ ನೋವನ್ನು ಬಚ್ಚಿಡುವ ಪ್ರಾಣಿ. ಕೇಜ್ ಅಲುಗಿತು ಅಂದರೆ ಸೊರಗಿದ್ದೂ ಎದ್ದು ಓಡಾಡುತ್ತದೆ.

ಹಗಲು ಹೆಚ್ಚಾಗಿ ಎಲ್ಲವೂ ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ದೂರ ಕೂತದ್ದು, ಬೆನ್ನು ಗೂನಾದದ್ದು, ರೋಮ ನಿಮಿರಿ ಮಾಸಿದ್ದು ಕಂಡರೆ ಅಲ್ಲಿ ಕಣ್ಣು ನಿಲ್ಲುತ್ತದೆ. ಸುಂಡಿಲಿಯ ಮುಖ ನೋಡಿ ನೋವು ಅಳೆಯುವ ಒಂದು ಪಟ್ಟಿ 2010ರಲ್ಲಿ ಬಂತು. ಕಣ್ಣು, ಮೂಗು, ಕೆನ್ನೆ, ಕಿವಿ, ಮೀಸೆ ಐದಕ್ಕೂ 0ರಿಂದ 2ರವರೆಗೆ ಅಂಕ. ನಾನು ಜಾಸ್ತಿ ನಂಬುವುದು ಕಿರಿದಾದ ಕಣ್ಣು, ಹಿಂದಕ್ಕೆ ಸರಿದ ಕಿವಿ. ಆದರೆ ನಿದ್ದೆಯಲ್ಲೂ ಕಣ್ಣು ಮುಚ್ಚಿರುತ್ತದೆ ಅಲ್ವಾ, ಹಾಗಾಗಿ ಎಚ್ಚರ ಇರುವುದಕ್ಕೆ ಮಾತ್ರ ಅಂಕ.

ಬಿಳಿ ಇಲಿಯ ಕಣ್ಣು, ಮೂಗಿನ ಸುತ್ತ ಕೆಂಪು ಕಂಡರೆ ಹೊಸ ಹುಡುಗರು ರಕ್ತ ಅಂತ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಪಾರ್ಫಿರಿನ್ ಎಂಬ ಕೆಂಪು ಬಣ್ಣದ ವಸ್ತು. ಕಣ್ಣಿನ ಹಿಂದಿರುವ ಗ್ರಂಥಿಯಿಂದ ಬರುತ್ತದೆ. ಚೆನ್ನಾಗಿರುವ ಇಲಿ ಮುಖ ಉಜ್ಜಿಕೊಂಡು ಅದನ್ನು ಉಳಿಸುವುದೇ ಇಲ್ಲ. ಉಳಿದಿದೆ ಅಂದರೆ ಒತ್ತಡವೋ ಕಾಯಿಲೆಯೋ ಇದೆ. ಯಾವುದು ಅಂತ ಬಣ್ಣ ಹೇಳುವುದಿಲ್ಲ.

ಇಡೀ ಕೇಜ್ ಒಟ್ಟಿಗೆ ಮಂಕಾಗಿದ್ದರೆ ಮೊದಲು ನೀರಿನ ಬಾಟಲಿ ನೋಡುತ್ತೇನೆ. ನಳಿಗೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಬಾಟಲಿ ತುಂಬಿದ್ದರೂ ಹನಿ ನೀರು ಬರುವುದಿಲ್ಲ. ಒಂದೇ ಇಲಿ ಸಣ್ಣಗಾಗುತ್ತಾ ಗಲ್ಲ ಒದ್ದೆಯಾಗಿದ್ದರೆ ಬಾಯಿ ತೆರೆದು ನೋಡಬೇಕು. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತದೆ. ಮೇಲಿನದು ಕೆಳಗಿನದು ಸರಿಯಾಗಿ ಕೂಡದಿದ್ದರೆ ಸವೆಯದೆ ಉದ್ದವಾಗಿ, ಪೆಲೆಟ್ (ಗಟ್ಟಿ ತುಂಡಿನ ಆಹಾರ) ಕಡಿಯಲು ಆಗುವುದಿಲ್ಲ.

ತೂಕದ ಯಂತ್ರ ಒಂದನ್ನೇ ನಂಬಬಾರದು. ಒಳಗೆ ಗಡ್ಡೆ ಬೆಳೆಯುತ್ತಿದ್ದರೆ ಮೈ ಸೊರಗಿದರೂ ತೂಕ ಇಳಿಯುವುದಿಲ್ಲ. ಅದಕ್ಕೇ ಬೆನ್ನುಮೂಳೆ, ಸೊಂಟದ ಮೂಳೆಯ ಮೇಲೆ ಬೆರಳು ಆಡಿಸಿ 1ರಿಂದ 5ರೊಳಗೆ ಅಂಕ ಹಾಕುತ್ತೇನೆ. 3 ಅಂದರೆ ಸರಿ. ಮೂಳೆ ಚೂಪಾಗಿ ಸಿಕ್ಕರೆ 1.

ಕೇಜ್‌ನ ಕಾರ್ಡಿನಲ್ಲಿ ಬರೀ ‘ಡಲ್’ ಅಂತ ಬರೆಯಲು ನಮ್ಮಲ್ಲಿ ಯಾರನ್ನೂ ಬಿಡುವುದಿಲ್ಲ. ‘ಬಲಗಣ್ಣು ಅರ್ಧ ಮುಚ್ಚಿದೆ, ಹಿಕ್ಕೆ ನೀರಾಗಿದೆ, ನಿನ್ನೆಯ ಪೆಲೆಟ್ ಹಾಗೇ ಇದೆ’ ಅಂತ ಬರೆದರೆ ಪಶುವೈದ್ಯರು ಫೋನಿನಲ್ಲೇ ಮುಂದಿನ ಕೆಲಸ ಹೇಳುತ್ತಾರೆ.